ಮುರಕಲ್ಲಿನ ಕೆಳಗಿನ ಶೇಡಿ ಮತ್ತು ಪೈಲ್‌ಗಳ ಲೆಕ್ಕ

ಪ್ರಶ್ನೆ: ಹೊಳೆಯ ಬದಿಯಲ್ಲಿರುವ ನಮ್ಮ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡಕ್ಕೆ 500 ಮಿಲಿಮೀಟರ್ ವ್ಯಾಸದ ಪೈಲ್‌ಗಳನ್ನು (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬಗಳನ್ನು) ಹಾಕಲಿದ್ದೇವೆ. ಬೋರ್ ಹೊಡೆಸಿ ನೋಡಿದಾಗ ಮೇಲೆ 4 ಮೀಟರ್ ಮುರಕಲ್ಲು (ಜಂಬಿಟ್ಟಿಗೆ), ಅದರಡಿ 11 ಮೀಟರ್ ಮೆತ್ತನೆಯ ಶೇಡಿ ಮಣ್ಣು, ಆಮೇಲೆ ಬಂಡೆ ಸಿಕ್ಕಿತು. ಭೂಕಂಪದ ಲೆಕ್ಕದಲ್ಲಿ ಮಣ್ಣನ್ನು ಸ್ಪ್ರಿಂಗ್‌ಗಳೆಂದು ಭಾವಿಸಿರುವುದಾಗಿಯೂ, ಮೇಲಿನ ಕಲ್ಲು ಗಟ್ಟಿಯಿರುವುದರಿಂದ ಚಿಂತೆ ಬೇಡವೆಂದೂ ಎಂಜಿನಿಯರರು ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಸ್ಪ್ರಿಂಗ್‌ಗಳ ಮಾತು ಸರಿ, ಚಿಂತೆ ಬೇಡವೆಂಬ ಮಾತು ಅರ್ಧ ಮಾತ್ರ ಸರಿ.

ಮಣ್ಣನ್ನು ಬಿಡಿಬಿಡಿ ಸ್ಪ್ರಿಂಗ್‌ಗಳ ಸಾಲೆಂದು ಭಾವಿಸುವ ಕಲ್ಪನೆಯನ್ನು ಎಂಜಿನಿಯರ್ ವಿಂಕ್ಲರ್ 1867ರಲ್ಲಿ ಮುಂದಿಟ್ಟರು. ಅಲುಗಾಟದ ಲೆಕ್ಕಕ್ಕೆ ಅದೊಂದೇ ಸಾಲದು. ಅಲುಗುವ ಪೈಲ್ ತನ್ನ ಶಕ್ತಿಯ ಒಂದಂಶವನ್ನು ಅಲೆಗಳ ರೂಪದಲ್ಲಿ ಸುತ್ತಲಿನ ಮಣ್ಣಿಗೆ ಬಿಟ್ಟುಕೊಡುವುದರಿಂದ, ಪ್ರತಿ ಸ್ಪ್ರಿಂಗ್‌ನ ಜೊತೆಗೆ ಬೈಕಿನ ಶಾಕ್ ಅಬ್ಸಾರ್ಬರ್‌ನಂಥ ಒಂದು ಡ್ಯಾಶ್‌ಪಾಟ್ ಅನ್ನೂ ಸೇರಿಸುತ್ತಾರೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಮಣ್ಣಿನ ಪದರಕ್ಕೂ ತನ್ನದೇ ಆದ ಕಂಪನಾಂಕವಿರುತ್ತದೆ: ನಿಮ್ಮ 15 ಮೀಟರ್ ಮಣ್ಣಿನಲ್ಲಿ ಶಿಯರ್ ಅಲೆಯ (ಮಣ್ಣನ್ನು ಅಡ್ಡಕ್ಕೆ ಅಲುಗಿಸುತ್ತ ಸಾಗುವ ಅಲೆಯ) ಸರಾಸರಿ ವೇಗ ಸೆಕೆಂಡಿಗೆ 180 ಮೀಟರ್ ಎಂದಿಟ್ಟುಕೊಂಡರೆ, ಆ ವೇಗವನ್ನು ದಪ್ಪದ ನಾಲ್ಕು ಪಟ್ಟಿನಿಂದ ಭಾಗಿಸಿದಾಗ 3 ಹರ್ಟ್ಸ್, ಎಂದರೆ ಸೆಕೆಂಡಿಗೆ ಮೂರು ಅಲುಗಾಟ, ಬರುತ್ತದೆ. ಅದಕ್ಕಿಂತ ನಿಧಾನದ ಅಲುಗಾಟದಲ್ಲಿ ಶಕ್ತಿ ಅಲೆಗಳಾಗಿ ಹೊರಗೆ ಹೋಗುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಆಗಲೂ ಡ್ಯಾಶ್‌ಪಾಟ್ ಪೂರ್ತಿ ಕೆಲಸ ಮಾಡುತ್ತದೆಂದು ಭಾವಿಸಿದರೆ ಉತ್ತರ ಕಾಗದದ ಮೇಲಷ್ಟೇ ಸುರಕ್ಷಿತವಾಗಿರುತ್ತದೆ.

ಇನ್ನು ಕಲ್ಲಿನ ವಿಷಯ. ಪೈಲ್‌ಗೆ ಭೂಕಂಪದಲ್ಲಿ ಎರಡು ಬಗೆಯ ಒತ್ತಡ ಬರುತ್ತದೆ. ಕಟ್ಟಡ ತೂಗಾಡಿ ಪೈಲ್‌ನ ತಲೆಯನ್ನು ಅಡ್ಡಕ್ಕೆ ತಳ್ಳುವುದು ಒಂದು. ಇದನ್ನು ತಡೆಯುವುದು ಮೇಲಿನ ಸುಮಾರು ಹತ್ತು ವ್ಯಾಸದಷ್ಟು ಉದ್ದ, ಎಂದರೆ ನಿಮ್ಮಲ್ಲಿ 5 ಮೀಟರ್. ಅದರ ಬಹುಪಾಲು ಮುರಕಲ್ಲಿನೊಳಗೇ ಇರುವುದರಿಂದ ಎಂಜಿನಿಯರರ ಧೈರ್ಯಕ್ಕೆ ಆಧಾರವಿದೆ. ಎರಡನೆಯದು, ನೆಲವೇ ಅಲುಗಿ ಪೈಲನ್ನು ತನ್ನೊಡನೆ ಬಾಗಿಸುವುದು. ಗಟ್ಟಿ ಪದರವೂ ಮೆತ್ತನೆಯ ಪದರವೂ ಕೂಡುವಲ್ಲಿ ಈ ಬಾಗು ಅತಿ ತೀವ್ರವಾಗಿರುತ್ತದೆ. ನಿಮ್ಮ ಜಾಗದಲ್ಲಿ ಅಂಥ ಒಂದು ಕೂಡು 4 ಮೀಟರ್ ಆಳದಲ್ಲಿ, ಇನ್ನೊಂದು ಬಂಡೆಯ ನೆತ್ತಿಯಲ್ಲಿದೆ. ಆಳ ಹೆಚ್ಚಿದಂತೆ ಮಣ್ಣು ಗಟ್ಟಿಯಾಗುತ್ತದೆಂಬ ಊಹೆಯ ಮೇಲೆ ನಿಂತ ಸಿದ್ಧ ಸೂತ್ರಗಳು, ಈ ಕ್ರಮ ತಲೆಕೆಳಗಾಗಿರುವ ನಮ್ಮ ಕರಾವಳಿಯ ನೆಲಕ್ಕೆ ಹೊಂದುವುದಿಲ್ಲ. ಪೈಲ್‌ನ ತಲೆಯನ್ನು ಅಲುಗಿಸಿ ನೋಡುವ, ಭಾರತೀಯ ಮಾನಕ ಐಎಸ್ 9716ರ ಪರೀಕ್ಷೆಯೂ ಇಲ್ಲಿ ಹೆಚ್ಚೇನೂ ಹೇಳದು. ಅದು ಮುರಕಲ್ಲನ್ನಷ್ಟೇ ಮಾತನಾಡಿಸುತ್ತದೆ.

ಶೇಡಿಯ ಗುಣ ನಿಮಗೆ ಗೊತ್ತೇ ಇದೆ: ಒಣಗಿದಾಗ ಗುದ್ದಲಿಗೂ ಜಗ್ಗದ ಮಣ್ಣು ನೀರು ಕುಡಿದಾಗ ಕುಸಿಯುತ್ತದೆ. ಬೋರ್ ಹೊಡೆಸಿದ್ದು ಬೇಸಗೆಯಲ್ಲಾದರೆ ಆ ಅಂಕಿಗಳನ್ನು ಹಾಗೆಯೇ ನಂಬದೆ, ಮಳೆಗಾಲದ ಅಂತರ್ಜಲ ಮಟ್ಟದಲ್ಲಿ ಬೋರ್‌ನೊಳಗೆ ಉಪಕರಣ ಇಳಿಸಿ ಒಂದೊಂದು ಮೀಟರಿಗೂ ಅಲೆಯ ವೇಗವನ್ನು ಅಳೆಯಿಸಿರಿ.

ಭೂಕಂಪ ವಿನ್ಯಾಸದ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ನಿಮ್ಮ ಕುಂಬಳೆಯೂ ಸೇರಿ ಇಡೀ ಕೇರಳ ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿದೆ. ಆದ್ದರಿಂದ ಇದು ಅತಿಯಾದ ಎಚ್ಚರವೇನಲ್ಲ. ಅಳೆದ ವೇಗಗಳಿಂದ ಮೊದಲು ಪೈಲ್ ಇಲ್ಲದ ಬರಿ ನೆಲ ಯಾವ ಆಳದಲ್ಲಿ ಎಷ್ಟು ಸರಿಯುತ್ತದೆಂದು ಲೆಕ್ಕ ಹಾಕಿ, ಆ ಸರಿತವನ್ನು ಸ್ಪ್ರಿಂಗ್‌ಗಳ ಹೊರತುದಿಗೆ ಕೊಟ್ಟು ಪೈಲ್‌ನ ಬಾಗನ್ನು ಕಂಡುಹಿಡಿಯಲು ಎಂಜಿನಿಯರರಿಗೆ ಹೇಳಿರಿ. ಖರ್ಚು ಉಳಿಸಲೆಂದು ಪೈಲ್‌ನ ಕೆಳಭಾಗದಲ್ಲಿ ಕಂಬಿಗಳ ಸಂಖ್ಯೆಯನ್ನು ಇಳಿಸುವುದುಂಟು. ನಿಮ್ಮ ನಕ್ಷೆಯಲ್ಲಿ ಹಾಗೆ ಇಳಿಸಿರುವುದು ಮುರಕಲ್ಲು ಮುಗಿಯುವ ಆಸುಪಾಸಿನಲ್ಲೇ ಆಗಿದ್ದರೆ, ಈ ಲೆಕ್ಕ ಕೈಗೆ ಬರುವವರೆಗೆ ಕಂಬಿ ಕಟ್ಟುವ ಕೆಲಸವನ್ನು ತಡೆಹಿಡಿಯಿರಿ.