ಚಂದಾ ನಿಲ್ಲಿಸುವ ಮೊದಲು ಅಕ್ಷರಗಳನ್ನು ಬಿಡಿಸಿಕೊಳ್ಳಿ

ಡಿಟಿಪಿ ಕೆಲಸಕ್ಕೆ ತಿಂಗಳು ತಿಂಗಳು ಚಂದಾ ಕಟ್ಟಿ ಸಾಕಾಗಿದೆ, ಮುಕ್ತ ತಂತ್ರಾಂಶಕ್ಕೆ ಹೋದರೆ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಕೇಳಿದ್ದೀರಿ. ಮೂಡುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಎಲ್ಲವೂ ಈಗ ಪುಟವಿನ್ಯಾಸದ ಸ್ಕ್ರೈಬಸ್ ಮತ್ತು ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲೇ ಆಗುತ್ತಿವೆ. ಆದರೆ ತಂತ್ರಾಂಶ ಬದಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಹಳೆಯ ಕಡತಗಳನ್ನು ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಒಂದೇ ಅಕ್ಷರ ಸಂಕೇತಕ್ಕೆ, ತನ್ನಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಏಪ್ರಿಲ್‌ನಲ್ಲಿ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಕಂತು ಹೋಗಲಿಲ್ಲ, ಪುಟವಿನ್ಯಾಸದ ತಂತ್ರಾಂಶ ತೆರೆಯಲಿಲ್ಲ. ಮದುಮಗಳ ತಂದೆ ಕರಡು ನೋಡಲು ಬಂದು ಬೆಂಚಿನ ಮೇಲೆ ಕುಳಿತಿದ್ದರು. ಪಠ್ಯದ ಪ್ರತಿಯನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ, ಕನ್ನಡ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ನುಡಿ, ಬರಹ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದು ಕಡತದೊಳಗೆ ಇಂಗ್ಲಿಷ್ ಸಂಕೇತಗಳಾಗಿಯೇ ಕುಳಿತಿರುತ್ತದೆ. ಅದನ್ನು ಕನ್ನಡವಾಗಿ ತೋರಿಸುವುದು ಆ ಫಾಂಟ್ ಮಾತ್ರ.

ಇದನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ. ‘ಸೂರ್ಯ’ದಲ್ಲಿ ಹಳೆಯ ಫಾಂಟ್ ಅರ್ಕಾವತ್ತನ್ನು ‘ಯ’ದ ನಂತರ ಇಡುತ್ತದೆ, ಯುನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ತಪ್ಪು ನುಸುಳುವುದು ಇಲ್ಲೇ. ಮದುವೆ ಕಾಗದದಲ್ಲಿ ಹೆಸರು ತಪ್ಪಿದರೆ ಏನಾಗುತ್ತದೆ ಎಂದು ನಿಮಗೂ ಗೊತ್ತು.

ಸ್ಕ್ರೈಬಸ್‌ನ ಹಳೆಯ 1.4 ಆವೃತ್ತಿಯನ್ನು ಮುಟ್ಟಬೇಡಿ. ಅದರಲ್ಲಿ ‘ಶ್ರೀ’ ಒಡೆದು ಬಿಡಿಬಿಡಿಯಾಗುತ್ತದೆ. 2024ರ ಜನವರಿಯಲ್ಲಿ ಬಂದ 1.6 ಅಥವಾ ಅದರ ನಂತರದ್ದನ್ನು ಹಾಕಿಕೊಳ್ಳಿ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಇಂಕ್‌ಸ್ಕೇಪ್ ಪರದೆಯ ಬಣ್ಣದಲ್ಲಿ ಕೆಲಸ ಮಾಡುತ್ತದೆ, ಅಚ್ಚಿನ ನಾಲ್ಕು ಬಣ್ಣಕ್ಕೆ ಅದರ ಚಿತ್ರವನ್ನು ಸ್ಕ್ರೈಬಸ್‌ಗೆ ತಂದು ಅಲ್ಲಿಂದ ಪಿಡಿಎಫ್ ಮಾಡಿ. ಮೊದಲ ಸಲ ಪ್ರೆಸ್ಸಿನವರಿಂದ ಒಂದು ಮಾದರಿ ಪ್ರತಿ ತೆಗೆಸಿ ನೋಡಿ.

ಯುನಿಕೋಡ್‌ನಿಂದ ನಮ್ಮ ಊರಿಗೆ ಆದ ಲಾಭ ಇನ್ನೊಂದಿದೆ. ಇಲ್ಲಿನ ಆಮಂತ್ರಣಗಳಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು. ಹಿಂದೆ ಎರಡಕ್ಕೂ ಬೇರೆ ಬೇರೆ ಕೀಲಿಮಣೆ ತಂತ್ರಾಂಶ, ಬೇರೆ ಬೇರೆ ಫಾಂಟ್. ಒಂದು ಸಾಲು ಅತ್ತಿತ್ತ ಆದರೆ ಎಲ್ಲ ಕಲಸುಮೇಲೋಗರ. ಈಗ ಒಂದೇ ಪುಟದಲ್ಲಿ ಕನ್ನಡಕ್ಕೆ ನವಿಲು, ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ತಂಡದ ಮಂಜರಿ. ಎರಡೂ ಮುಕ್ತ ಫಾಂಟ್‌ಗಳು. ಅವು ಒಂದರ ಕೆಳಗೊಂದು ನಿಂತಿದ್ದನ್ನು ಮೊದಲ ಸಲ ನೋಡಿದ ದಿನದ ಸಂತೋಷ ನನಗೆ ಇನ್ನೂ ನೆನಪಿದೆ.

ಕಲಿಯುವುದು ಕಷ್ಟ ಎಂದು ಹೆದರಬೇಡಿ. ಕೇರಳದ ಸರಕಾರಿ ಶಾಲೆಗಳಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಕೊಡುವ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಇದೆ, ಮಕ್ಕಳು ಇಂಕ್‌ಸ್ಕೇಪನ್ನು ಪಾಠವಾಗಿಯೇ ಓದುತ್ತಾರೆ. ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋಗುತ್ತಿದ್ದ ನನ್ನ ಮಗಳೇ ಪಕ್ಕದಲ್ಲಿ ಕುಳಿತು ನನಗೆ ಹೇಳಿಕೊಟ್ಟಳು.

ಸೀಸನ್ ನಡುವೆ ಮಾತ್ರ ಇದಕ್ಕೆ ಕೈ ಹಾಕಬೇಡಿ. ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದು ಭೂತಕೋಲ, ಯಕ್ಷಗಾನದ ಆಟಗಳೆಲ್ಲ ನಿಂತ ಮೇಲೆ ಶುರು ಮಾಡಿ. ಮಳೆಗಾಲ ಪೂರ್ತಿ ನಿಮ್ಮದೇ. ಹಳೆಯ ಚಂದಾ ಎರಡು ತಿಂಗಳು ಜೊತೆಗಿರಲಿ, ಮರೆತ ಕಡತ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ನಾನು ಈಗಲೂ ಹಣ ಕಟ್ಟುವುದು ಲೆಕ್ಕಪತ್ರದ ತಂತ್ರಾಂಶಕ್ಕೆ ಮಾತ್ರ. ಜಿಎಸ್‌ಟಿ ನೋಡಿಕೊಳ್ಳುವವರು ಅದರ ಕಡತವನ್ನೇ ಕೇಳುತ್ತಾರೆ, ಹಾಗಾಗಿ ಅದನ್ನು ಬದಲಿಸಲಿಲ್ಲ.