ಮಗನ ಆರೈಕೆಯಲ್ಲಿ ನಾನೇ ಸೋತು ಹೋಗುತ್ತಿದ್ದೇನೆ

ಪ್ರಶ್ನೆ: ಅಕ್ಕಾ, ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಮಗನಿಗೆ 7 ವರ್ಷ. ಹುಟ್ಟಿದಾಗ ಅಳಲಿಲ್ಲ, ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಅಂತ ಡಾಕ್ಟರು ಹೇಳಿದ್ದಾರೆ. ಆಸರೆ ಇಲ್ಲದೆ ಕೂರಲ್ಲ, ಮಾತು ಬಂದಿಲ್ಲ, ಆದರೆ ನಾವು ಹೇಳಿದ್ದೆಲ್ಲ ತಿಳಿಯುತ್ತದೆ. ಮನೆಯವರು ದುಡಿಯಲು ಪುಣೆಗೆ ಹೋಗಿದ್ದಾರೆ. ಅತ್ತೆ ಗಾಣಗಾಪುರಕ್ಕೆ ಒಯ್ಯು ಅಂತಾರೆ, ಓಣಿಯವರು ನನ್ನ ಕರ್ಮ ಅಂತಾರೆ. ಊಟ ಮಾಡಿಸಲು ಒಂದು ತಾಸು ಬೇಕು. ಮಗಳ ಕಡೆ ನೋಡಲೂ ಆಗುತ್ತಿಲ್ಲ. ಹೀಗೆ ಎಷ್ಟು ದಿನ?
– ಒಬ್ಬ ತಾಯಿ

ಉತ್ತರ: ತಂಗಿ, ಮೊದಲು ಕರ್ಮದ ಮಾತನ್ನು ತಲೆಯಿಂದ ತೆಗೆದುಹಾಕಿ. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಸಾಲದಿದ್ದರೆ, ತಿಂಗಳು ತುಂಬದೆ ಹುಟ್ಟಿದರೆ, ಹುಟ್ಟಿದ ಮೇಲೆ ಕಾಮಾಲೆ ತೀರಾ ಜಾಸ್ತಿಯಾದರೆ ಹೀಗಾಗಬಹುದು. ನಿಮ್ಮ ತಪ್ಪು ಏನೂ ಇಲ್ಲ. ಗಾಣಗಾಪುರಕ್ಕೆ ಹೋಗಿ ಬನ್ನಿ, ಸಮಾಧಾನ ಸಿಕ್ಕರೆ ಒಳ್ಳೆಯದೇ, ಆದರೆ ಅದಕ್ಕಾಗಿ ಫಿಸಿಯೋಥೆರಪಿ ಬಿಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಬೇರೆ. ಉಣಿಸುವುದು, ಎತ್ತುವುದು, ತೊಳೆಯುವುದು, ಎಲ್ಲ ನೀವೊಬ್ಬರೇ. ನಿಮಗೆ ಜ್ವರ ಬಂದರೆ ಅವನಿಗೆ ಊಟ ಯಾರು ಮಾಡಿಸ್ತಾರೆ? ಒಂದು ಹೊತ್ತಿನ ಊಟವನ್ನು ಅತ್ತೆಗೆ ಕಲಿಸಿ, ನಾಳೆಯಿಂದಲೇ. ಮಲಗಿಸಿ ಉಣಿಸಬಾರದು, ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ಬೀಳದಂತೆ ಹಿಡಿದು, ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಕಿವುಚಿ ಸ್ವಲ್ಪ ಸ್ವಲ್ಪವೇ ಕೊಡಬೇಕು, ನುಂಗಿದ ಮೇಲೆ ಮುಂದಿನ ತುತ್ತು. ಊಟದಲ್ಲಿ ಪದೇ ಪದೇ ಕೆಮ್ಮಿದರೆ ಡಾಕ್ಟರಿಗೆ ತೋರಿಸಲೇಬೇಕು. ಅತ್ತೆ ಆರಂಭದಲ್ಲಿ ಗೊಣಗಬಹುದು. ಗೊಣಗಲಿ, ಆ ಹೊತ್ತು ನೀವು ಮಗಳ ಜೊತೆ ಕೂತು ಅವಳ ಪಾಠ ಕೇಳಿ, ಇಲ್ಲಾ ಸುಮ್ನೆ ಮಲಗಿ.

ಕಾಗದಪತ್ರ ಮಾಡಿಸಿದ್ದೀರಾ? ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ, ಅಂಗವಿಕಲರಿಗಾಗಿಯೇ ನೇಮಿಸಿದವರು ಅವರು. ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ. ಇಂಥ ಮಕ್ಕಳಿಗೆ ‘ನಿರಾಮಯ’ ಎಂಬ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಸೇರುತ್ತದೆ. ಥೆರಪಿಗಾಗಿ ಕಲಬುರಗಿಗೆ ಹೋಗಿಬರಲು ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ.

ಶಾಲೆ ವಿಷಯ ನೀವು ಬರೆದೇ ಇಲ್ಲ. ಎಲ್ಲ ತಿಳಿಯುವ ಹುಡುಗನನ್ನು ಮನೆಯಲ್ಲೇ ಕೂರಿಸಿದರೆ ಹೇಗೆ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಅವನಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಊರಿನ ಶಾಲೆಯಲ್ಲಿ ಹೆಸರು ಹಚ್ಚಿ. ಹೋಗಲಾಗದಷ್ಟು ಕಷ್ಟವಿದ್ದರೆ ಗೃಹಾಧಾರಿತ ಶಿಕ್ಷಣ ಕೇಳಿ, ಬಿಐಇಆರ್‌ಟಿ ಶಿಕ್ಷಕರು (ಇಂಥ ಮಕ್ಕಳಿಗಾಗಿ ಇರುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು) ಮನೆಗೇ ಬರುತ್ತಾರೆ. ಮಾತು ಬಾರದಿದ್ದರೆ ಚಿತ್ರ ತೋರಿಸಿ ಹೇಳುವುದನ್ನು ಕಲಿಯಬಹುದು.

ನಿದ್ದೆ ಹತ್ತದೆ, ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯದೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮನೆಯವರು ಹಬ್ಬಕ್ಕೆ ಬಂದಾಗ ಥೆರಪಿಗೆ ಅವರನ್ನೇ ಕಳಿಸಿ. ವ್ಯಾಯಾಮ ಅವರೂ ಕಲಿತು ಬರಲಿ.