ಪಿಎಚ್‌.ಡಿ. ನಮ್ಮಲ್ಲಿಗೆ ಬಂದ ಬಗೆ

ಪ್ರಶ್ನೆ: ಮಗಳು ಕಾಫಿಗಿಡದ ಕಾಂಡಕೊರಕ ಹುಳುವಿನ ಮೇಲೆ ಪಿಎಚ್‌.ಡಿ. ಮಾಡುವೆನೆನ್ನುತ್ತಾಳೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಪದವಿ ಮೊದಲಿನಿಂದಲೂ ಇತ್ತೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಇರಲಿಲ್ಲ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಲಂಡನ್ನಿನ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವೇ ಹೊರತು, ಪಾಠ ನಡೆಯುತ್ತಿದ್ದುದು ಅವುಗಳಿಗೆ ಸೇರಿದ ಕಾಲೇಜುಗಳಲ್ಲಿ. ತಾವೇ ಬೋಧಿಸಿ ಸಂಶೋಧನೆಗೆ ಇಂಬು ಕೊಡುವ ದಾರಿ ತೆರೆದದ್ದು 1904ರ ವಿಶ್ವವಿದ್ಯಾಲಯಗಳ ಕಾಯಿದೆ. ಜರ್ಮನಿಯಲ್ಲಿ ಬೆಳೆದ ಈ ಪದವಿಯನ್ನು ಆಕ್ಸ್‌ಫರ್ಡ್ ಒಪ್ಪಿಕೊಂಡದ್ದೇ 1917ರಲ್ಲಿ ಎಂದ ಮೇಲೆ ನಮ್ಮ ತಡವನ್ನು ಹಳಿಯುವಂತಿಲ್ಲ.

ಇನ್ನು ಈಗಿನ ನಿಯಮಗಳ ಮಾತು. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳು ಪಿಎಚ್‌.ಡಿ.ಗಿಂತ ಕೆಳಹಂತದ ಸಂಶೋಧನಾ ಪದವಿಯಾದ ಎಂ.ಫಿಲ್. ಅನ್ನು ನಿಲ್ಲಿಸಿ, ಮಹಾಪ್ರಬಂಧ ಸಲ್ಲಿಸುವ ಮುನ್ನ ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನೂ ಕೈಬಿಟ್ಟವು. ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳನ್ನು ಕಂಡವರಿಗೆ ಇದು ಸರಿಯೆನಿಸೀತು. ಪಿಎಚ್‌.ಡಿ.ಯ ಕನಿಷ್ಠ ಅವಧಿ ಮೂರು ವರ್ಷ. ಮಾರ್ಗದರ್ಶಕರನ್ನು ಹುಡುಕುವ ಮೊದಲು ಮಗಳು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಮ್ಮೆ ಹೋಗಿಬರಲಿ.